ವಿಜಯಪುರಕ್ಕೆ ಅಲ್ಪವೆಚ್ಚದ ಎರಡು ದಿನಗಳ ಪ್ರವಾಸ

ಹಣವಿಲ್ಲದ ಕಾರಣಕ್ಕೆ ಒಂದು ಮಗುವಾದರೂ ಊರಿನಲ್ಲಿ ಉಳಿದರೆ ಅದನ್ನು ತರಗತಿಯ ಪ್ರವಾಸವೆನ್ನಲಾಗದು. ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಶಾಲೆಗಳಿಗೆ ವಿಜಯಪುರವು ಕೈಗೆಟುಕುವ ಐತಿಹಾಸಿಕ ನಗರ. ಸೊಲ್ಲಾಪುರದಿಂದ ಸುಮಾರು 100 ಕಿಲೋಮೀಟರ್, ನೇರ ರೈಲುಗಳಿವೆ. ಸಾಮಾನ್ಯ ದರ್ಜೆಯ ಪ್ರಯಾಣವು ಬಾಡಿಗೆ ಬಸ್ಸಿಗಿಂತ ಬಹಳ ಅಗ್ಗ.

ಹಣ ಕರಗುವುದು ವಸತಿಯಲ್ಲಿ. ಶನಿವಾರ ಹೊರಟು ಒಂದೇ ರಾತ್ರಿ ತಂಗುವುದು ಲೇಸು. ಅಲ್ಲಿನ ಶಾಲೆಯೊಂದಕ್ಕೆ ತಿಂಗಳ ಮುಂಚೆಯೇ ಪತ್ರ ಬರೆದು ಕೊಠಡಿ ಕೇಳಬಹುದು. ಗೋಳಗುಮ್ಮಟ, ಇಬ್ರಾಹಿಂ ರೋಜಾಗಳಿಗೆ ಪ್ರವೇಶಶುಲ್ಕವಿದ್ದರೂ 15 ವರ್ಷದೊಳಗಿನವರಿಗೆ ಉಚಿತ. ಮುಖ್ಯೋಪಾಧ್ಯಾಯರ ಸಹಿಯುಳ್ಳ ವಯಸ್ಸಿನ ಪಟ್ಟಿ ಜೊತೆಗಿರಲಿ. ಬಾರಾ ಕಮಾನು, 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಇವುಗಳನ್ನು ಶನಿವಾರ ಮಧ್ಯಾಹ್ನವೇ ನೋಡಿ ಮುಗಿಸಬಹುದು.

ಭಾನುವಾರದ ಮುಂಜಾವನ್ನು ಗೋಳಗುಮ್ಮಟಕ್ಕೇ ಮೀಸಲಿಡಬೇಕು. ಬಾಗಿಲು ತೆರೆದೊಡನೆ ಮೇಲೇರಿದರೆ, ಪಿಸುಮಾತು ಗುಮ್ಮಟದ ಬಾಗಿದ ಗೋಡೆಯಗುಂಟ ಸಾಗಿ ಸುಮಾರು 38 ಮೀಟರ್ ಆಚೆಯ ಗೆಳೆಯನ ಕಿವಿಗೆ ಸ್ಪಷ್ಟವಾಗಿ ತಲುಪುತ್ತದೆ. ಜನ ಸೇರಿದ ಮೇಲೆ ಬರೀ ಕೂಗಾಟ. ಪಾಠಕ್ಕೆ ಅವಕಾಶವೇ ಇರದು. ಇಳಿದ ಬಳಿಕ ಎದುರಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯವನ್ನು ತಪ್ಪಿಸಬಾರದು (ಶುಕ್ರವಾರ ಮಾತ್ರ ರಜೆ). ಅಲ್ಲಿ ಅರಬಿ, ಪಾರಸಿ, ಸಂಸ್ಕೃತ ಶಾಸನಗಳ ಜೊತೆಗೆ ಕನ್ನಡದವೂ ಇವೆ. ಕನ್ನಡವು ತಮ್ಮ ಶಾಲೆಯ ನಾಲ್ಕು ಗೋಡೆಗಳೊಳಗಿನ ಭಾಷೆಯೆಂದು ಬಗೆದಿರುವ ಮಕ್ಕಳು ಆ ಕಲ್ಲಿನಲ್ಲಿ ಗುರುತಾಗುವ ಅಕ್ಷರಗಳನ್ನು ತಾವೇ ಹುಡುಕಿ ಬರೆದುಕೊಳ್ಳಲಿ.