ಯಾದವಗಿರಿಯ ಗಾಡಿ ಮತ್ತೆ ರಸ್ತೆಗೆ

ಹಳೆಯ ಜಾವಾ, ಯೆಜ್ಡಿ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಮೀಟರಿನ ಮೇಲೆ. ಹನ್ನೆರಡು ಸಾವಿರ ಕಿಲೋಮೀಟರ್ ಎಂದು ಕಂಡರೆ ಮಾರುವವರು ಬೆಲೆ ಏರಿಸುತ್ತಾರೆ, ಕೊಳ್ಳುವವರು ಚೌಕಾಸಿ ಮರೆಯುತ್ತಾರೆ. ಮನೆಯ ಹಿರಿಯರು ಕೆಲವೇ ವರ್ಷ ಓಡಿಸಿ, ಶೆಡ್ಡಿನಲ್ಲಿ ತಾಡಪಾಲು ಹೊದಿಸಿ ನಿಲ್ಲಿಸಿದ ಗಾಡಿ ಅದು. ಹಳೆಯ ಬೈಕನ್ನು ಮೊದಲ ಸಲ ಸರಿಪಡಿಸಲು ಹೊರಟವರಿಗೆ ಇಂಥದ್ದೇ ಸಿಗಲಿ ಎಂಬುದು ನನ್ನ ಆಸೆ. ಆದರೆ ಸಿಕ್ಕ ಖುಷಿಯಲ್ಲಿ ಪೆಟ್ರೋಲ್ ಸುರಿದು ಕಿಕ್ ಹೊಡೆಯಲು ಕಾಲೆತ್ತಿದವರನ್ನು ಕಂಡರೆ ಓಡಿಹೋಗಿ ತಡೆಯಬೇಕು ಅನಿಸುತ್ತದೆ. ಈ ಗಾಡಿಗೆ ಓಟಕ್ಕಿಂತ ಹೆಚ್ಚು ಹಾನಿ ಮಾಡಿರುವುದು ನಿಂತ ವರ್ಷಗಳು.

ಅದು ನಿಂತದ್ದೇಕೆ ಎಂದು ತಿಳಿಯಲು ಹುಟ್ಟಿದಲ್ಲಿಗೇ ಹೋಗಬೇಕು. ಫ್ರಾಂಟಿಶೆಕ್ ಯಾನೆಚೆಕ್ ಎಂಬುವರು 1929ರಲ್ಲಿ ಪ್ರಾಗ್ ನಗರದಲ್ಲಿ ಜಾವಾ ಬೈಕ್ ತಯಾರಿಕೆ ಆರಂಭಿಸಿದರು. ಸ್ವಾತಂತ್ರ್ಯದ ನಂತರ ಮುಂಬಯಿಯ ಇರಾನಿ ಕುಟುಂಬ ಅವನ್ನು ಆಮದು ಮಾಡಿ ಮಾರುತ್ತಿತ್ತು. ಆಮದಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾದಾಗ, ಗಾಡಿಯನ್ನು ಇಲ್ಲೇ ತಯಾರಿಸದೆ ದಾರಿಯಿರಲಿಲ್ಲ. ರುಸ್ತುಂ ಇರಾನಿ ಮತ್ತು ಎಫ್.ಕೆ. ಇರಾನಿ ಆರಿಸಿಕೊಂಡದ್ದು ಮೈಸೂರನ್ನು. ಅಲ್ಲಿನ ಯಾದವಗಿರಿಯಲ್ಲಿ ಎದ್ದ ಐಡಿಯಲ್ ಜಾವಾ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. 1961ರಿಂದ ಮೈಸೂರಿನ ಜಾವಾಗಳು ರಸ್ತೆಗಿಳಿದವು. 1973ರ ಹೊತ್ತಿಗೆ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು.

ಆಮೇಲೆ ಬಂದದ್ದು ಎಂಬತ್ತರ ದಶಕ. ಜಪಾನಿ ಕಂಪನಿಗಳ ಜೊತೆಗೂಡಿ ತಯಾರಾದ ನೂರು ಸಿಸಿ ಬೈಕುಗಳು ಲೀಟರಿಗೆ ಎರಡು ಪಟ್ಟಿಗೂ ಮಿಗಿಲಾದ ಮೈಲೇಜ್ ಕೊಟ್ಟವು. ಎರಡು ಸೈಲೆನ್ಸರಿನ, 250 ಸಿಸಿಯ ಗಾಡಿಯನ್ನು ಆಫೀಸಿಗೆ ಒಯ್ಯುತ್ತಿದ್ದವರು ಪೆಟ್ರೋಲ್ ಲೆಕ್ಕ ಹಾಕತೊಡಗಿದರು. ಮನೆಗೆ ಚಿಕ್ಕ ಬೈಕ್ ಬಂತು, ದೊಡ್ಡದು ಹಿತ್ತಿಲು ಸೇರಿತು. 1996ರಲ್ಲಿ ಕಾರ್ಖಾನೆಯೂ ಮುಚ್ಚಿತು. ಇಂದು ನಾವು ಹುಡುಕುವ ‘ಕಡಿಮೆ ಓಡಿದ’ ಗಾಡಿಗಳಲ್ಲಿ ಬಹುಪಾಲು ಹೀಗೆ ಬಂದವು. ಯಾರೂ ಕಾಪಿಟ್ಟವಲ್ಲ, ಖರ್ಚಿಗೆ ಹೆದರಿ ಬಿಟ್ಟವು.

ಹಾಗಾಗಿ ಮೀಟರನ್ನು ನಂಬುವ ಮೊದಲು ಗಾಡಿಯನ್ನು ಓದಬೇಕು. ಮೀಟರಿನ ಕೇಬಲ್ ತುಂಡಾದರೆ ಹಾಗೇ ಓಡಿಸುವುದು ನಮ್ಮಲ್ಲಿ ಸಾಮಾನ್ಯ. ಫುಟ್‌ರೆಸ್ಟಿನ ರಬ್ಬರ್ ಎಷ್ಟು ಸವೆದಿದೆ, ಬ್ರೇಕ್ ಪೆಡಲಿನ ಅಂಚು ನುಣುಪಾಗಿದೆಯೇ, ಹಿಂದಿನ ಚೈನ್ ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಂತೆ ಬಾಗಿದೆಯೇ ಎಂದು ನೋಡಿದರೆ ನಿಜ ಗೊತ್ತಾಗುತ್ತದೆ. ಇಂಜಿನ್ ನಂಬರು, ಚಾಸಿ ನಂಬರು ಆರ್‌.ಸಿ.ಯಲ್ಲಿ ಇರುವಂತೆಯೇ ಇವೆಯೇ ಎಂದು ಕೈಬೆರಳಿನಿಂದ ತುಕ್ಕು ಒರೆಸಿ ಓದಿಕೊಳ್ಳಿ. ಅದು ಹೊಂದದಿದ್ದರೆ ಎಷ್ಟೇ ಚೆಂದದ ಗಾಡಿಯಾದರೂ ವಾಪಸ್ ಬನ್ನಿ.

ಇನ್ನು ಟೂ ಸ್ಟ್ರೋಕಿನ ಒಳಗುಟ್ಟು. ಫೋರ್ ಸ್ಟ್ರೋಕ್ ಇಂಜಿನ್ನಿನ ತಳದಲ್ಲಿ ಆಯಿಲ್ ನಿಂತಿರುತ್ತದೆ. ಜಾವಾ, ಯೆಜ್ಡಿಯ ಕ್ರ್ಯಾಂಕ್ ಇರುವ ಕೋಣೆಯಲ್ಲಿ ಅಂಥ ಸಂಗ್ರಹವಿಲ್ಲ. ಪೆಟ್ರೋಲಿಗೆ ಬೆರೆಸಿದ ಟೂ-ಟಿ ಆಯಿಲ್ ಅಲ್ಲಿ ಹಾದುಹೋಗುತ್ತಾ ಬೇರಿಂಗುಗಳನ್ನು ಒದ್ದೆ ಮಾಡುತ್ತದೆ, ಅಷ್ಟೇ. ಗಾಡಿ ನಿಂತ ದಿನ ಉಳಿದ ತೆಳುಪದರ ಎಷ್ಟು ಮಳೆಗಾಲ ತಡೆದೀತು? ತೇವದ ಗಾಳಿಗೆ ಬೇರಿಂಗಿನ ಮೇಲೆ ತುಕ್ಕಿನ ಚುಕ್ಕೆಗಳು ಮೂಡುತ್ತವೆ. ಪಿಸ್ಟನ್ ರಿಂಗ್ ಬೋರಿಗೆ ಅಂಟಿಕೊಳ್ಳುತ್ತದೆ. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್‌ಗಳು ಒಣಗಿ ಗಟ್ಟಿಯಾಗುತ್ತವೆ. ಸೀಲ್ ಸೋರಿದರೆ ಹೊರಗಿನ ಗಾಳಿ ಒಳಸೇರಿ ಪೆಟ್ರೋಲ್, ಆಯಿಲ್ ಎರಡೂ ಸಾಲದಾಗುತ್ತವೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕಿರುಚುತ್ತಲೇ ಇರುತ್ತದೆ, ಕೊನೆಗೆ ಪಿಸ್ಟನ್ ಜಾಮ್. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಗೇರ್ ಆಯಿಲನ್ನೇ ಎಳೆದುಕೊಂಡು ಸುಟ್ಟು ಓಣಿಯಿಡೀ ಹೊಗೆ ತುಂಬುತ್ತದೆ. ಆಯಿಲ್ ಸೀಲಿನ ಬೆಲೆ ಅಲ್ಪ. ಅದನ್ನು ಬದಲಿಸದೆ ಇಂಜಿನ್ ಓಡಿಸಿ ಬೋರಿಂಗ್‌ಗೆ ಸಾವಿರಾರು ರೂಪಾಯಿ ತೆತ್ತವರನ್ನು ನೋಡಿದ್ದೇನೆ.

ಹಾಗಾದರೆ ಎಬ್ಬಿಸುವುದು ಹೇಗೆ? ಮೊದಲ ದಿನ ಕಿಕ್ಕರ್ ಮುಟ್ಟಬೇಡಿ. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ಲಿಗೆ ಟೂ-ಟಿ ಆಯಿಲ್ ಬೆರೆಸಿ ಎರಡು ಮೂರು ಚಮಚ ಬಿಡಿ. ರಾತ್ರಿಯಿಡೀ ಹಾಗೇ ಇರಲಿ. ಮರುದಿನ ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ಟಾಪ್ ಗೇರಿಗೆ ತಂದು, ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ತುಸು ಮುಂದೆ, ತುಸು ಹಿಂದೆ ಅಲುಗಿಸಿ. ಮೊದಲು ಏನೂ ಆಗುವುದಿಲ್ಲ. ಮತ್ತೆ ಆಯಿಲ್, ಮತ್ತೊಂದು ರಾತ್ರಿ. ಒಂದು ಹೊತ್ತಿನಲ್ಲಿ ಚಕ್ರ ಕೂದಲೆಳೆಯಷ್ಟು ಜಾರಿದ್ದು ಅಂಗೈಗೆ ತಿಳಿಯುತ್ತದೆ. ಆಗಲೂ ಬಲ ಹಾಕಬಾರದು. ಅಂಟಿದ ರಿಂಗನ್ನು ಕಿಕ್ಕಿನಿಂದ ಬಿಡಿಸಹೋದರೆ ಅದು ಮುರಿದು ಬೋರನ್ನು ಗೀರುತ್ತದೆ. ಇಷ್ಟಾದ ಮೇಲೆ ಹೆಡ್ಡು, ಬೋರು ಬಿಚ್ಚಿ ಕಣ್ಣಾರೆ ನೋಡಿಬಿಡುವುದು ಒಳ್ಳೆಯದು. ಅದಕ್ಕೆ ಇಂಜಿನ್ನನ್ನು ಫ್ರೇಮಿನಿಂದ ಇಳಿಸಬೇಕಿಲ್ಲ. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಇಷ್ಟೇ ಅಲ್ಲಿ ತಿರುಗಾಡುವ ಭಾಗಗಳು. ಹೊಸಬರು ಧೈರ್ಯವಾಗಿ ಕೈಹಾಕಬಹುದಾದ ಇಂಜಿನ್ ಇದು.

ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಒಣಗಿ ಅರಗಿನಂತೆ ಕೂತಿರುತ್ತದೆ, ಕೆಳಗೆ ತುಕ್ಕು. ಸಣ್ಣ ನಟ್ಟುಗಳನ್ನು ಹಾಕಿ ಕುಲುಕಿ, ಕೆರೆದು, ತೊಳೆದು, ಪೂರ್ತಿ ಒಣಗಿಸಿ. ಒಳಗೋಡೆಗೆ ಕೂಡಲೇ ಆಯಿಲ್ ಸವರದಿದ್ದರೆ ತುಕ್ಕು ಮರಳುತ್ತದೆ. ಕಾರ್ಬುರೇಟರಿನ ಜೆಟ್ಟನ್ನು ಬೆಳಕಿಗೆ ಹಿಡಿದು ತೂತಿನಲ್ಲಿ ಇಣುಕಿ. ಕಟ್ಟಿಕೊಂಡಿದ್ದರೆ ವೈರಿನ ಒಂದು ತಾಮ್ರದ ಎಳೆ ಸಾಕು. ಸೂಜಿ ತೂರಿಸಿದರೆ ಹಿತ್ತಾಳೆಯ ತೂತು ಹಿಗ್ಗುತ್ತದೆ, ಆಮೇಲೆ ಟ್ಯೂನಿಂಗ್ ಎಂದೂ ಕೂರುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುವುದನ್ನೂ ನೆನಪಿಡಬೇಕು. ಅದು ತೇವ ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಪೆಟ್ರೋಲ್ ಪೈಪು, ಕಾಕ್‌ನ ವಾಷರುಗಳು ನೋಡಲು ಚೆನ್ನಾಗಿದ್ದರೂ ಬದಲಿಸಿ. ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ.

ಡೈನಮೊ ಇರುವ ಹಳೆಯ ಆರು ವೋಲ್ಟಿನ ಗಾಡಿಯಾದರೆ ಬ್ಯಾಟರಿ ಸತ್ತಿದ್ದಾಗ ಎಷ್ಟು ಕಿಕ್ ಹೊಡೆದರೂ ಸ್ಪಾರ್ಕ್ ಬರುವುದಿಲ್ಲ. ಬ್ಯಾಟರಿ ಸರಿಯಿದ್ದೂ ಸ್ಪಾರ್ಕ್ ಬಾರದಿದ್ದರೆ, ಇಗ್ನಿಷನ್ ಪಾಯಿಂಟಿನ ಮೇಲೆ ಕಟ್ಟಿದ ಮಬ್ಬುಪದರವನ್ನು ಒರೆಸಿದರೆ ಅರ್ಧ ಸಮಸ್ಯೆ ಮುಗಿಯಿತು. ಟೈರಿನ ವಿಷಯದಲ್ಲಿ ಚರ್ಚೆಯೇ ಬೇಡ, ಟ್ರೆಡ್ ಎಷ್ಟೇ ಆಳವಿದ್ದರೂ ಹೊಸದು ಹಾಕಿ.

ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಇದೆಲ್ಲ ಸಾಧ್ಯವಾಗಿರುವುದು ಗಾಡಿಯನ್ನು ಬಿಡದೆ ಹಿಡಿದುಕೊಂಡ ಜನರಿಂದ. ಎಡಗಡೆಯ ಒಂದೇ ಲಿವರ್ ಕಿಕ್ಕರೂ ಆಗಿ, ತಿರುಗಿಸಿದರೆ ಗೇರೂ ಆಗುವ ಆ ಜಾಣ್ಮೆಯನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವ ಮೆಕ್ಯಾನಿಕ್‌ಗಳು ಮೈಸೂರು, ಬೆಂಗಳೂರಲ್ಲಿ ಇನ್ನೂ ಇದ್ದಾರೆ. ಜುಲೈ ತಿಂಗಳಲ್ಲಿ ಜಾವಾ-ಯೆಜ್ಡಿ ದಿನದಂದು ಸವಾರರು ಗುಂಪುಗೂಡಿದಾಗ ಸ್ಪೇರ್ ಎಲ್ಲಿ ಸಿಗುತ್ತದೆ, ಯಾವುದು ನಕಲಿ ಎಂಬ ಮಾತೇ ಹೆಚ್ಚು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಬಂದವು. ಅವು ಫೋರ್ ಸ್ಟ್ರೋಕ್, ಅವುಗಳ ಬಿಡಿಭಾಗ ಹಳೆಯದಕ್ಕೆ ಉಪಯೋಗವಿಲ್ಲ.

ಕೊನೆಯದಾಗಿ ಬಣ್ಣ. ಕಡಿಮೆ ಓಡಿದ ಗಾಡಿ ಸಿಕ್ಕವರು ಪೇಂಟರ್ ಬಳಿ ಓಡುವುದನ್ನು ನಾನು ಒಪ್ಪುವುದಿಲ್ಲ. ಟ್ಯಾಂಕಿನ ಮೇಲೆ ಯಾದವಗಿರಿಯಲ್ಲಿ ಎಳೆದ ಗೆರೆ ಇನ್ನೂ ಉಳಿದಿದ್ದರೆ, ಮಾಸಿದ್ದರೂ ಅದೇ ಇರಲಿ. ಒಮ್ಮೆ ಉಜ್ಜಿದರೆ ಯಾರೂ ಮರಳಿ ಕೊಡಲಾರರು. ಕಾನೂನೂ ಈಗ ಅದೇ ಕಡೆಗಿದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪ ಕೆಡಿಸದ ಬೈಕು, ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ, ಆದರೆ ದಿನಬಳಕೆಗೆ ಓಡಿಸುವಂತಿಲ್ಲ. ದಿನವೂ ಓಡಿಸುವ ಆಸೆಯಿದ್ದವರು ಹದಿನೈದು ವರ್ಷ ಮೀರಿದ ಆರ್‌.ಸಿ.ಯನ್ನು ಐದೈದು ವರ್ಷಕ್ಕೆ ನವೀಕರಿಸುವ ಮಾಮೂಲು ದಾರಿಯನ್ನೇ ಹಿಡಿಯಬೇಕು. 1978ರ ಮೊದಲ ರೋಡ್‌ಕಿಂಗ್‌ಗಳಿಗೆ 2028ರಲ್ಲಿ ಐವತ್ತು ತುಂಬುತ್ತದೆ. ಅಂಥದ್ದೊಂದು ನಿಮ್ಮ ನೆಂಟರ ಶೆಡ್ಡಿನಲ್ಲಿದ್ದರೆ, ಹಳೆಯ ಆರ್‌.ಸಿ. ಪುಸ್ತಕ ಯಾವ ಟ್ರಂಕಿನಲ್ಲಿದೆ ಎಂದು ಈಗಲೇ ವಿಚಾರಿಸಿಡಿ.