ಪುಸ್ತಕ ಕೊಡೋದೂ ಒಂದು ವಿದ್ಯೆ

ನಮ್ಮ ಪಂಚಾಯ್ತಿ ಲೈಬ್ರರಿ ಮೇಲ್ವಿಚಾರಕಿ ಅಕ್ಕನಿಗೆ ಏನು ಕೆಲಸ? ಬಾಗಿಲು ತೆಗೆಯೋದು, ಪೇಪರ್ ಜೋಡಿಸೋದು, ರಿಜಿಸ್ಟರಿನಲ್ಲಿ ಬರೆಯೋದು, ಅಷ್ಟೇ ಅಂದುಕೊಂಡಿದ್ದೆ. ಅದು ತಪ್ಪು ಅಂತ ಈ ವರ್ಷ ಗೊತ್ತಾಯಿತು.

ನಮ್ಮ ಕ್ಲಾಸಿನ ಒಬ್ಬನಿಗೆ ಓದೋದು ಸ್ವಲ್ಪ ನಿಧಾನ. ಒತ್ತಕ್ಷರ ಬಂದರೆ ನಿಂತುಬಿಡುತ್ತಾನೆ. (ಇದನ್ನು ಬರೆಯಲು ಅವನೇ ಒಪ್ಪಿದ್ದಾನೆ, ಹೆಸರು ಮಾತ್ರ ಬೇಡ ಅಂದ.) ಒಂದು ಶನಿವಾರ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳ ಚಿತ್ರದ ಪುಸ್ತಕ ಹಿಡಿದು ಕೂತಿದ್ದ. ನಾವು ಮೂವರು ನಕ್ಕೆವು. ಅವನು ಪುಸ್ತಕ ಅಲ್ಲೇ ಇಟ್ಟು ಹೋದವನು ಮೂರು ವಾರ ಬರಲೇ ಇಲ್ಲ.

ಅಕ್ಕ ನಮ್ಮನ್ನು ಬೈಯಲಿಲ್ಲ. ಅವನು ಡೈರಿಗೆ ಹಾಲು ಹಾಕೋಕೆ ಬಂದಾಗ ಕರೆದು, "ನಿನ್ ತಂಗಿ ಒಂದನೇ ಕ್ಲಾಸಲ್ವೇನೋ? ಅವಳಿಗೆ ದಿನಾ ಒಂದು ಕಥೆ ಓದಿ ಹೇಳು" ಅಂತ ಅದೇ ಪುಸ್ತಕ ಕೊಟ್ಟರು. ತಂಗಿಗೆ ಕಥೆ, ಇವನಿಗೆ ಓದು. ಯಾರಿಗೂ ಅವಮಾನವಿಲ್ಲ.

ನನ್ನ ಕಥೆ ಬೇರೆ. ಜಂಬಕ್ಕೆ ದಪ್ಪ ಕಾದಂಬರಿ ತಂದು, ಹತ್ತು ಪುಟವೂ ಓದದೆ ವಾಪಸ್ ಕೊಟ್ಟೆ. ಈಗ ಅಕ್ಕ ಮೊದಲು ಒಂದು ಪುಟ ಓದಿಸುತ್ತಾರೆ. ಹೋದ ಸಲ ಯಾವುದು ಹಿಡಿಸಿತು ಅಂತ ಕೇಳುತ್ತಾರೆ. ಆಮೇಲೆ ಎರಡು ಮೂರು ಪುಸ್ತಕ ಮುಂದಿಟ್ಟು, "ನೀನೇ ಆರಿಸ್ಕೋ" ಅನ್ನುತ್ತಾರೆ. ಬೇಡ ಅಂದರೆ ಬಲವಂತವಿಲ್ಲ.

ಈ ವಿದ್ಯೆಗೆ ದೊಡ್ಡ ಗುರು ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದ ಇವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರೋದು ಬಳಸೋಕೆ, ಬೀರುವಿನಲ್ಲಿ ಬೀಗ ಹಾಕೋಕಲ್ಲ ಅನ್ನೋದು ಮೊದಲನೆಯದು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನೋವು ಎರಡು, ಮೂರನೆಯವು. ಓದುಗರ ಸಮಯ ಉಳಿಸಬೇಕು, ಗ್ರಂಥಾಲಯ ಬೆಳೆಯುತ್ತಲೇ ಇರಬೇಕು ಅನ್ನೋವು ಉಳಿದೆರಡು. ಅವರು ತೀರಿಕೊಂಡದ್ದು 1972ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಅವರ ನೆನಪಿಗೆ ಆಗಸ್ಟ್ 12 ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನ.

ನನಗೆ ಹಿಡಿಸಿದ್ದು ಮೂರನೇ ಸೂತ್ರ. ನಾವು ನಕ್ಕ ಆ ಚಿತ್ರದ ಪುಸ್ತಕವೂ ಒಬ್ಬ ಓದುಗನಿಗಾಗಿ ಕಾಯ್ತಾ ಇತ್ತು. ನಾವು ಅವನನ್ನು ಓಡಿಸಿದೆವು. ಅಕ್ಕ ಹುಡುಕಿ ತಂದರು.

ಲೈಬ್ರರಿಯಲ್ಲಿ ಇಲ್ಲದ ಪುಸ್ತಕ ಯಾರಾದರೂ ಕೇಳಿದರೆ ಅಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ, ಹೊಸ ಪುಸ್ತಕ ತರಿಸುವಾಗ ಅದನ್ನು ನೋಡುತ್ತಾರೆ. ಹೋದ ಶನಿವಾರ ನನ್ನ ಗೆಳೆಯ ಬಂದು, ಹಸು ಸಾಕೋದರ ಬಗ್ಗೆ ಪುಸ್ತಕ ಇದೆಯಾ ಅಂತ ಕೇಳಿದ. ಇರಲಿಲ್ಲ. ನೋಟ್‌ಬುಕ್ಕಿನ ಕೊನೇ ಸಾಲಿನಲ್ಲಿ ಈಗ ಅವನ ಹೆಸರಿದೆ.