ಮನೋವ್ಯಾಧಿ ಮತ್ತು ಲೋಕಾಪವಾದ

ಮನೆಯಲ್ಲೊಬ್ಬರಿಗೆ ವಿಷಮಶೀತಜ್ವರ ಬಂದರೆ ನೆರೆಹೊರೆಯವರು ಬಂದು ಕ್ಷೇಮ ವಿಚಾರಿಸುತ್ತಾರೆ. ಅದೇ ಮನೆಯ ತರುಣನೊಬ್ಬನು ಓದಿನಲ್ಲಿ ಆಸಕ್ತಿ ತೊರೆದು, ನಿದ್ರೆಗೆಟ್ಟು, ಯಾರೋ ತನ್ನನ್ನು ಕರೆಯುತ್ತಿರುವರೆಂದು ಹೇಳತೊಡಗಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಸಂಗತಿಯು ಊರಿಗೆ ತಿಳಿದರೆ ಅವನ ತಂಗಿಗೆ ಗಂಡು ದೊರೆಯಲಾರದೆಂಬ ಅಂಜಿಕೆ ಹೆತ್ತವರಿಗೆ. ಈ ಮುಚ್ಚುಮರೆಯಲ್ಲಿ ಕಳೆಯುವ ತಿಂಗಳುಗಳಲ್ಲಿಯೇ ಹತೋಟಿಗೆ ಬರಬಹುದಾಗಿದ್ದ ರೋಗವು ಬೇರೂರುತ್ತದೆ.

ದೆವ್ವದ ಕಾಟ, ಮಾಟ, ಪೂರ್ವಜನ್ಮದ ಪಾಪ ಎಂಬಿವು ಮನೋವ್ಯಾಧಿಯ ಬಗೆಗೆ ರೂಢಿಯಲ್ಲಿರುವ ಕಲ್ಪನೆಗಳು. ಮದುವೆ ಮಾಡಿದರೆ ಎಲ್ಲವೂ ಸರಿಹೋದೀತೆಂಬ ನಂಬಿಕೆಯು ಮತ್ತೊಂದು ಜೀವವನ್ನೂ ಸಂಕಟಕ್ಕೆ ನೂಕುತ್ತದೆ. ವಾಸ್ತವವಾಗಿ ಮೆದುಳಿನ ಕಾರ್ಯದಲ್ಲಾಗುವ ಏರುಪೇರು, ವಂಶಪಾರಂಪರ್ಯ, ಬಾಳಿನ ಆಘಾತಗಳು ಬೇರೆ ಬೇರೆ ಪ್ರಮಾಣದಲ್ಲಿ ಕೂಡಿ ಈ ರೋಗಗಳಿಗೆ ಕಾರಣವಾಗುತ್ತವೆ. 1950ರ ದಶಕದಿಂದೀಚೆಗೆ ಪರಿಣಾಮಕಾರಿ ಔಷಧಗಳು ಬಳಕೆಗೆ ಬಂದುದರಿಂದ ಅನೇಕ ರೋಗಿಗಳು ಮನೆಯಲ್ಲಿದ್ದುಕೊಂಡೇ ದುಡಿದು ಬಾಳುವುದು ಸಾಧ್ಯವಾಗಿದೆ.

ಅಜ್ಞಾನದ ಬೆಲೆ ಎಷ್ಟೆಂಬುದಕ್ಕೆ ತಮಿಳುನಾಡಿನ ಏರ್ವಾಡಿಯ ದುರಂತವೇ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿಯ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ 25ಕ್ಕೂ ಹೆಚ್ಚು ಮನೋರೋಗಿಗಳು ಓಡಲಾರದೆ ಸುಟ್ಟು ಸತ್ತರು. 2017ರ ಮಾನಸಿಕ ಆರೋಗ್ಯಪಾಲನಾ ಕಾಯಿದೆಯು ರೋಗಿಗಳಿಗೆ ಸರಪಳಿ ತೊಡಿಸುವುದನ್ನು ನಿಷೇಧಿಸಿದೆ. ಆದರೆ ಕಣ್ಣಿಗೆ ಕಾಣದ ಅಪವಾದದ ಸರಪಳಿಯನ್ನು ಕಾಯಿದೆಯೊಂದೇ ಕಳಚಲಾರದು.

ಈ ದಿಶೆಯಲ್ಲಿ ಕರ್ನಾಟಕವು ದೇಶಕ್ಕೆ ದಾರಿ ತೋರಿದೆ. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು, ಹಳ್ಳಿಗಳಲ್ಲಿಯೇ ಚಿಕಿತ್ಸೆ ದೊರೆಯುವಂತೆ ಮಾಡಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸರಳ ಕನ್ನಡದಲ್ಲಿ ನೂರಾರು ಕೃತಿಗಳನ್ನು ರಚಿಸಿ ಈ ಅರಿವನ್ನು ಮನೆಮನೆಗೆ ಮುಟ್ಟಿಸಿದ್ದಾರೆ.

ಇಷ್ಟಾದರೂ, 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬಹುಪಾಲು ಮನೋವ್ಯಾಧಿಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಈ ಅಂತರವನ್ನು ತುಂಬುವಲ್ಲಿ ಶಾಲೆಯ ಪಾತ್ರ ಹಿರಿದು. ವಿದ್ಯಾರ್ಥಿಯು ದಿನೇ ದಿನೇ ಮಂಕಾಗುವುದನ್ನು ಹಲವೊಮ್ಮೆ ಹೆತ್ತವರಿಗಿಂತ ಮೊದಲು ಉಪಾಧ್ಯಾಯರೇ ಗಮನಿಸುತ್ತಾರೆ. ಅವನನ್ನು ಸೋಮಾರಿಯೆಂದು ಜರೆಯದೆ ಬಳಿಗೆ ಕರೆದು ಕೇಳುವುದು, ಹೆತ್ತವರ ಅಂಜಿಕೆ ಬಿಡಿಸಿ ವೈದ್ಯರ ಬಳಿಗೆ ಕಳುಹಿಸುವುದು ಅವರಿಂದಾಗಬಹುದಾದ ಮಹದುಪಕಾರ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಉಚಿತ ಸಲಹೆ ದೊರೆಯುತ್ತದೆ. ಆ ಸಂಖ್ಯೆಯು ಪ್ರತಿ ಶಾಲೆಯ ಫಲಕದ ಮೇಲೂ ಇರುವುದು ಲೇಸು.